ಸೀಟಿಯ ಏಳು ಸಾಲು

ಒಂದಾನೊಂದು ಕಾಲ ಎನ್ನುವಷ್ಟು ಹಳೆಯದಲ್ಲ, ಮೊನ್ನೆಮೊನ್ನೆಯವರೆಗೂ ನಡೆಯುತ್ತಿದ್ದ ಕತೆ ಇದು. ಒಂದು ಕಡಲಿತ್ತಂತೆ. ಆ ಕಡಲಿಗೊಂದು ಬಾಗಿಲಿತ್ತಂತೆ. ಬಾಗಿಲ ಪಕ್ಕದ ಬಂಡೆಯ ಮೇಲೆ ಒಬ್ಬ ಮುದುಕಿ ಕೂತಿರುತ್ತಿದ್ದಳಂತೆ. ವರ್ಷಕ್ಕೊಮ್ಮೆ ಕಡಲಿನ ದೊಡ್ಡ ಮನೆತನಗಳು ತಮ್ಮ ತಮ್ಮ ಅಜ್ಜಿಯರನ್ನು ಮುಂದಿಟ್ಟುಕೊಂಡು, ಮಕ್ಕಳುಮರಿಗಳನ್ನು ಮಗ್ಗುಲಿಗೆ ಹಾಕಿಕೊಂಡು ಆ ಬಾಗಿಲು ದಾಟಿ ಉತ್ತರಕ್ಕೆ ಹೋಗುತ್ತಿದ್ದವು. ಹೋಗುವವರ ತಲೆ ಎಣಿಸುವುದು ಮುದುಕಿಯ ಕೆಲಸ. ಒಂದು ತಲೆ ತಪ್ಪಿದರೂ ಕಡಲು ಎದ್ದುನಿಂತು ‘ನನ್ನ ಮಗಳೆಲ್ಲಿ?’ ಎಂದು ಕೇಳುತ್ತಿತ್ತು. ಆ ಮನೆತನಗಳಲ್ಲಿ ಒಬ್ಬಳು ಉಸಿರು ಬಿಟ್ಟರೆ ಸೀಟಿ ಹೊಡೆದ ಹಾಗೆ ಕೇಳುತ್ತಿತ್ತು. ಅವಳೂ ಮುದುಕಿಯೂ ಗೆಳತಿಯರು. ‘ನೀನಿರುವ ತನಕ ನಾನು ಬರುತ್ತೇನೆ, ನಾನು ಬರುವ ತನಕ ನೀನಿರು’ ಎಂದು ಇಬ್ಬರೂ ಮಾತು ಕೊಟ್ಟುಕೊಂಡಿದ್ದರು.

ಅಜ್ಜಿ ಈ ಕತೆ ಹೇಳಿದಾಗ ನನಗೆ ಎಂಟು ವರ್ಷ. ಕತೆಯ ಮುದುಕಿ ಅವಳೇ ಎಂದು ನನಗೆ ಗೊತ್ತಿತ್ತು. ಕತೆ ಬರೀ ಕತೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹನ್ನೆರಡು ತುಂಬಿದಾಗ ಅವಳು ನನ್ನನ್ನು ಕಾವಲುಗೂಡಿಗೆ ಕರೆದೊಯ್ದಳು. ಬಂದರಿನಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಬಂಡೆಯ ತುದಿಯಲ್ಲಿ ಹಲಗೆಯ ಒಂದು ಕೋಣೆ. ಒಂದು ಮೇಜು, ಎರಡು ಸ್ಟೂಲು, ಗೋಡೆ ಗಡಿಯಾರ, ಮೊಳೆಗೆ ತೂಗುಹಾಕಿದ ದುರ್ಬೀನು, ನೀಲಿ ರಟ್ಟಿನ ದಪ್ಪ ಪುಸ್ತಕ. ಬಂಡೆಯ ಬುಡದಲ್ಲೇ ನೀರು ಆಳ. ಓದಿದವರು ಕೊಲೆಗಾರ ತಿಮಿಂಗಿಲ ಎನ್ನುವ, ನಮ್ಮವರ ಬಾಯಲ್ಲಿ ಬರೀ ‘ಕರಿಬಿಳಿ’ಗಳಾದ ಆ ಪ್ರಾಣಿಗಳು ಮೀನಿನ ಬೆನ್ನುಹತ್ತಿ ವರ್ಷಕ್ಕೆ ಹತ್ತು ವಾರ ಅಲ್ಲೇ, ಕಲ್ಲೆಸೆತದ ದೂರದಲ್ಲಿ ಹಾದುಹೋಗುತ್ತವೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮನೆತನ, ಎಷ್ಟು ತಲೆ ಎಂದು ಅಜ್ಜಿ ಇಲ್ಲಿಯವರೆಗೆ ಇಪ್ಪತ್ತಾರು ವರ್ಷ ದಾಖಲಿಸಿಕೊಂಡು ಬಂದಿದ್ದಾಳೆ.

ಗೂಡಿಗೊಂದು ಕಟ್ಟಳೆ ಇತ್ತು. ನೋಡುವವರು ಬರೆಯಬಾರದು, ಬರೆಯುವವರು ನೋಡಬಾರದು. ಕಡಲಿನಿಂದ ಹಾಳೆಗೆ, ಹಾಳೆಯಿಂದ ಕಡಲಿಗೆ ಕಣ್ಣು ಓಡಾಡಿದರೆ ನಡುವೆ ಒಂದು ತಲೆ ತಪ್ಪುತ್ತದೆ ಎಂಬುದು ಒಂದು ಕಾರಣ. ಇನ್ನೊಂದನ್ನು ಅಜ್ಜಿ ನನ್ನ ಮುಖಕ್ಕೇ ಹೇಳಿದ್ದಳು.

“ಬರೆಯೋಳು ತಲೆ ಎತ್ತಿದ್ರೆ ಕಣ್ಣಿಗೆ ಕಂಡಿದ್ದು ಬರೆಯಲ್ಲ, ಮನಸ್ಸಿಗೆ ಕಂಡಿದ್ದು ಬರೀತಾಳೆ. ಅದರಲ್ಲೂ ನೀನು. ಮೋಡ ನೋಡಿದ್ರೂ ಮರಿ ಹಾಕಿದೆ ಅಂತೀಯ.”

ಹಾಗಾಗಿ ನನ್ನ ಮೇಜು ಹಿಂದಿನ ಗೋಡೆಗೆ ಮುಖಮಾಡಿತ್ತು. ಬೆನ್ನ ಹಿಂದೆ, ಕಿಟಕಿಯಲ್ಲಿ, ದುರ್ಬೀನು ಹಿಡಿದು ಅಜ್ಜಿ ಕೂಗುತ್ತಿದ್ದಳು: “ಗರಗಸದ ಮನೆ. ಐದು ತಲೆ. ಮರಿ ಒಂದು. ಉತ್ತರಕ್ಕೆ.” ನಾನು ಗಡಿಯಾರ ನೋಡಿ ಹೊತ್ತು ಬರೆದು, ಸಾಲಿನ ಕೊನೆಗೆ ಸಹಿ ಹಾಕುತ್ತಿದ್ದೆ. ಗರಗಸದ ಮನೆ ಎಂದರೆ ಬೆನ್ನ ಮೇಲಿನ ರೆಕ್ಕೆ ಗರಗಸದ ಹಾಗೆ ಹಲ್ಲುಹಲ್ಲಾಗಿರುವ ಒಬ್ಬ ಅಜ್ಜಿಯ ಸಂಸಾರ. ಹಾಗೇ ತೂತಿನ ಮನೆ, ಬಾಗುರೆಕ್ಕೆಯ ಮನೆ. ಕದ್ದು ನೋಡಿಲ್ಲವೇ ಎಂದರೆ, ಮೊದಲೆರಡು ವರ್ಷ ನೋಡಿದ್ದೇನೆ. ಕಿವಿ ಹಿಂಡಿಸಿಕೊಂಡ ಮೇಲೆ ಬಿಟ್ಟೆ. ತಲೆ ತಗ್ಗಿಸಿ ಕೇಳುವುದರಲ್ಲೇ ಒಂದು ಸುಖವಿತ್ತು. ಅಜ್ಜಿಯ ಬಾಯಿಂದ ಬಂದದ್ದು ನನ್ನ ಕಣ್ಣೊಳಗೆ ತಾನೇ ಈಜುತ್ತಿತ್ತು.

ಹೀಗೆ ಹನ್ನೊಂದು ಹಂಗಾಮು ಕಳೆದವು. ಈ ವರ್ಷ ಆ ಪುಸ್ತಕಕ್ಕೆ ದೊಡ್ಡ ಕೆಲಸ ಬಂದಿತ್ತು. ಕಡಲ ಕಚೇರಿಯವರು ಅದನ್ನು ಆಧಾರವಾಗಿಟ್ಟುಕೊಂಡು, ಆ ಹತ್ತು ವಾರ ವೇಗದ ದೋಣಿಗಳು ಬಂಡೆಯ ಮುಂದೆ ಸುಳಿಯಬಾರದು ಎಂದು ನಿಯಮ ಮಾಡುವವರಿದ್ದರು. ಹಂಗಾಮು ಶುರುವಾಗುವ ದಿನ ಪುಸ್ತಕವನ್ನು ಅವರ ಕೈಗೊಪ್ಪಿಸಬೇಕಿತ್ತು. ಅದಕ್ಕೆ ಹತ್ತು ದಿನ ಮೊದಲು, ಅಜ್ಜಿಗೆ ಹೇಳದೆ, ಅವಳನ್ನು ಖುಷಿಪಡಿಸೋಣವೆಂದು ನಾನು ದುರ್ಬೀನನ್ನು ಒರೆಸಿಕೊಂಡು ಬರಲು ಕನ್ನಡಕದ ಅಂಗಡಿಗೆ ಒಯ್ದೆ.

ಅಂಗಡಿಯವನು ಅದನ್ನು ಕಣ್ಣಿಗಿಟ್ಟ. ತೆಗೆದ. ನನ್ನನ್ನು ನೋಡಿದ. ಮತ್ತೆ ಇಟ್ಟ.

“ಇದನ್ನ ಯಾರಮ್ಮ ಬಳಸ್ತಾರೆ?”

“ನಮ್ಮಜ್ಜಿ. ದಿನಾ.”

“ದಿನಾನಾ? ಒಳಗೆಲ್ಲ ಬೂಷ್ಟು ಹಿಡಿದಿದೆ. ಐದಾರು ವರ್ಷದ ಬೂಷ್ಟು ಇದು. ನೀವೇ ನೋಡಿ.”

ನೋಡಿದೆ. ಹಾಲಿನ ಪಾತ್ರೆಯೊಳಗೆ ತಲೆ ಇಟ್ಟ ಹಾಗಿತ್ತು. ರಸ್ತೆಯ ಆಚೆಗಿದ್ದ ಬೇಕರಿಯ ಬೋರ್ಡು, ಅದರ ಕೆಳಗೆ ನಿಂತಿದ್ದ ಲಾರಿ, ಯಾವುದೂ ಇಲ್ಲ. ಬೆಳ್ಳಗೆ ಒಂದು ಮಂಕು.

“ಇದರಲ್ಲಿ ನೋಡೋರಿಗೆ ನನ್ನ ನಮಸ್ಕಾರ,” ಎಂದ ಅವನು, ತಮಾಷೆಗೆ. ನನಗೆ ನಗು ಬರಲಿಲ್ಲ.

ಬಂದರಿನ ಬಲೆ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಮನೆ. ಮೆಟ್ಟಿಲು ಹತ್ತುವಷ್ಟರಲ್ಲಿ ನಾನೇ ಒಂದು ಸಮಾಧಾನ ಹೊಲಿದುಕೊಂಡಿದ್ದೆ: ಅಜ್ಜಿ ಬರಿಗಣ್ಣಲ್ಲೇ ನೋಡುತ್ತಿರಬೇಕು, ದುರ್ಬೀನು ಬರೀ ಠೀವಿಗೆ. ಅಜ್ಜಿ ಮಂಚದ ತುದಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಐಸ್ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ ಬಂದ ಅಮ್ಮ ಒಲೆಯ ಮುಂದಿದ್ದಳು.

“ಅಜ್ಜಿ, ನಿನ್ನ ದುರ್ಬೀನಲ್ಲಿ ಏನೂ ಕಾಣಲ್ಲ. ಒಳಗೆಲ್ಲ ಬೂಷ್ಟು.”

ಅಜ್ಜಿಯ ಬೆರಳು ನಿಂತಿತು. ಒಂದು ಕಾಳು ಉರುಳಿ ಮಂಚದ ಕೆಳಗೆ ಹೋಯಿತು.

“ಹೌದಾ?” ಎಂದಳು. “ಯಾವಾಗಿಂದ?”

ಆ ಎರಡು ಮಾತು ಕಿವಿಗೆ ಬಿದ್ದು, ಅರ್ಥವಾಗಿ, ಎದೆಗಿಳಿಯಲು ಎಷ್ಟು ಹೊತ್ತಾಯಿತೋ. ನಾನು ಅವಳ ಮುಂದೆ ಕೈ ಆಡಿಸಿದೆ. ಅವಳ ಕಣ್ಣು ನನ್ನ ಕೈಯನ್ನು ದಾಟಿ ಬಾಗಿಲ ಬೆಳಕಿನ ಕಡೆ ನೆಟ್ಟಿತ್ತು.

“ಗಾಳಿ ಬೀಸ್ಬೇಡ,” ಎಂದಳು. “ಸೆಕೆ ಇಲ್ಲ ನನಗೆ.”

ನಾನು ನೆಲದ ಮೇಲೆ ಕೂತೆ.

ಅಮ್ಮ ತಿರುಗಿ ನೋಡಿದಳು. “ಇದೇನಿದು ಹೊಸ ನಾಟಕ? ಎಂಟು ವರ್ಷದ ಕೆಳಗೇ ಡಾಕ್ಟ್ರು ಹೇಳಿದ್ರಲ್ಲ, ಕಣ್ಣಿನ ನರ ಒಣಗ್ತಿದೆ, ತಿರುಗಿ ಬರಲ್ಲ ಅಂತ. ಬೆಳಕು ನೆರಳು ಬಿಟ್ಟರೆ ಅವಳಿಗೇನು ಕಾಣುತ್ತೆ?”

“ನಂಗೆ ಯಾರು ಹೇಳಿದ್ರು?”

“ಹೇಳ್ಬೇಕಾ? ಕೈ ಹಿಡ್ಕೊಂಡು ಬಂಡೆ ಹತ್ತಿಸೋಳು ನೀನು. ಪತ್ರ ಓದಿ ಹೇಳೋಳು ನೀನು.” ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು. “ಇರು. ಗೂಡಲ್ಲಿ ನೋಡೋಳು ನೀನಲ್ವಾ? ನೀನು ನೋಡಿ ಹೇಳ್ತೀಯ, ಅವಳು ಗುರುತು ಹಿಡೀತಾಳೆ ಅಂತ ನಾನು…”

“ನಾನು ಬರೆಯೋಳು. ಬರೆಯೋರು ನೋಡಬಾರದು.”

ಅಮ್ಮ ಒಲೆ ಆರಿಸಿದಳು. “ಹಾಗಾದ್ರೆ ಏಳು ವರ್ಷ ಆ ಗೂಡಲ್ಲಿ ಕಡಲು ನೋಡಿದ್ದು ಯಾರು?”

ಕೆಳಗೆ ಬಲೆ ಅಂಗಡಿಯಲ್ಲಿ ಯಾರೋ ಹಗ್ಗ ಎಳೆಯುವ ಸದ್ದು.

ನನಗೆ ಒಂದೊಂದೇ ನೆನಪಾಗತೊಡಗಿತು, ಒಂದೊಂದೂ ಬಾಸುಂಡೆಯ ಹಾಗೆ. ಕಾಲು ಜಾರುತ್ತೀಯ ಎಂದು ನನ್ನ ತೋಳು ಹಿಡಿದು ನಡೆಯುತ್ತಿದ್ದುದು. ಲೋಟದ ಅಂಚಿಗೆ ಬೆರಳಿಟ್ಟುಕೊಂಡು ಚಹಾ ಬಗ್ಗಿಸುತ್ತಿದ್ದುದು. ಗೂಡಿನ ಕಿಟಕಿಯ ಗಾಜಿಗೆ ಉಪ್ಪು ಕೂರುತ್ತದೆಂದು ಗಾಜನ್ನೇ ತೆಗೆಸಿ ಹಾಕಿದ್ದು. ಗಾಳಿ ಜೋರಾಗಿದ್ದ ದಿನ ತಪ್ಪದೆ ‘ಇವತ್ತು ಏನೂ ಇಲ್ಲ, ಸೊನ್ನೆ ಬರಿ’ ಎನ್ನುತ್ತಿದ್ದುದು.

“ಉಸಿರು,” ಎಂದಳು ಅಜ್ಜಿ ಮೆಲ್ಲಗೆ. “ನೀರಿನ ಮೇಲೆ ಬಂದಾಗ ಉಸಿರು ಬಿಡ್ತಾವಲ್ಲ, ಒಂದೊಂದರದ್ದು ಒಂದೊಂದು ಥರ. ಗರಗಸದೋಳದ್ದು ಒದ್ದೆ ಬಟ್ಟೆ ಒಗೆದ ಹಾಗೆ. ಗಂಡುಗಳದ್ದು ಉದ್ದ, ಚೀಲ ಹರಿದ ಹಾಗೆ. ಮರಿದು ಸೀನಿದ ಹಾಗೆ. ಹತ್ತೊಂಬತ್ತು ವರ್ಷ ಕಣ್ಣಲ್ಲಿ ನೋಡ್ತಾ ನೋಡ್ತಾ ಕಿವಿ ಅದರ ಪಾಡಿಗದು ಕಲಿತುಬಿಟ್ಟಿತ್ತು. ಕಣ್ಣು ಹೋಗಿದ್ದು ನನಗೇ ತಡವಾಗಿ ಗೊತ್ತಾಯ್ತು.”

“ಪ್ರತಿ ಸಾಲಿಗೂ ನನ್ನ ಸಹಿ ಇದೆ ಅಜ್ಜಿ. ‘ಕಂಡದ್ದು’ ಅಂತ ಬರೆದು ಸಹಿ ಹಾಕಿದೀನಿ.”

“ಗೊತ್ತು.”

“ಎಲ್ಲಾ ನಿಜಾನಾ?”

ಇಲ್ಲಿ ಅವಳು ಹೌದು ಅನ್ನುತ್ತಾಳೆಂದು ಕಾದೆ. ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವಳು ಅಂದಳು, “ಕೆಲವು ಸಾಲು ಸುಳ್ಳು.”

“ಯಾವುವು?”

“ಹೇಳಲ್ಲ.”

“ಅಜ್ಜಿ.”

“ನಾನು ಹೇಳಿದ್ರೆ ನೀನು ನಂಬ್ತೀಯ. ನಂಬಿದ್ದು ಸಾಕು, ಇನ್ನು ನೋಡು. ನೀನೇ ಹುಡುಕಿ, ನಿನ್ನ ಕೈಯಾರೆ ಕೆಂಪು ಗೆರೆ ಎಳೆದು ಸಹಿ ಹಾಕು. ಆಗ ಮಿಕ್ಕಿದ್ದು ನಿಲ್ಲುತ್ತೆ. ಇಲ್ಲಾಂದ್ರೆ ಇಪ್ಪತ್ತಾರು ವರ್ಷದ್ದೂ ಬೀಳುತ್ತೆ. ಬೀಳೋದಾದ್ರೆ ನಿಂದೂ ನಂದೂ ಹೆಸರು ಒಟ್ಟಿಗೇ ಬೀಳಲಿ.” ಕೈ ಚಾಚಿದಳು. “ಮಾತು ಕೊಡು.”

ಅವಳ ಅಂಗೈ ಎಲ್ಲಿದೆಯೆಂದು ನನಗೆ ಕಾಣುತ್ತಿತ್ತು, ನನ್ನದು ಎಲ್ಲಿದೆಯೆಂದು ಅವಳಿಗೆ ಕಾಣುತ್ತಿರಲಿಲ್ಲ. ನಾನೇ ಹೋಗಿ ಹಿಡಿದೆ.

ಅಮ್ಮ ಗೊಣಗಿದಳು. “ಆಯ್ತಲ್ಲ. ಈ ಮನೇಲಿ ಕಣ್ಣಿದ್ದೂ ಕಾಣದೋಳು ನೀನೊಬ್ಬಳೇ ಅಂದ್ಕೊಂಡಿದ್ದೆ. ನಾನೂ ಸೇರಿಕೊಂಡೆ.”

ಮರುದಿನ ನೀಲಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕಡಲ ಕಚೇರಿಗೆ ಹೋದೆ. ಅಲ್ಲಿನ ವಿಜ್ಞಾನಿಗೆ ಬಂದರಿನವರು ಇಟ್ಟ ಹೆಸರು ಮೈಕ್ ಮೇಡಂ. ಏಳು ವರ್ಷದ ಹಿಂದೆ ನಮ್ಮ ಬಂಡೆಯ ಕೆಳಗೆ ನೀರಿನೊಳಗೊಂದು ಮೈಕು ಇಳಿಬಿಟ್ಟು, ಕರಿಬಿಳಿಗಳ ಮಾತನ್ನು ಹಗಲೂ ರಾತ್ರಿ ಧ್ವನಿಮುದ್ರಿಸುತ್ತಿದ್ದವರು. ಒಂದೊಂದು ಮನೆತನಕ್ಕೂ ಒಂದೊಂದು ಕೂಗಿದೆ, ಕೂಗಿನಿಂದಲೇ ಯಾರ ಮನೆಯವರೆಂದು ಹೇಳಬಹುದು ಎಂದು ಅವರೇ ಒಮ್ಮೆ ಅಜ್ಜಿಗೆ ವಿವರಿಸಿದ್ದರು. ಆಗ ಅಜ್ಜಿ, “ಪಾಪ, ಅಷ್ಟಕ್ಕೆ ಮೆಷಿನ್ ಬೇಕಾಯ್ತಾ?” ಎಂದಿದ್ದಳು. ಎಲ್ಲರೂ ನಕ್ಕಿದ್ದೆವು.

ನಾನು ಎಲ್ಲ ಹೇಳಿದೆ. ಮೈಕ್ ಮೇಡಂ ಕಿವಿಯ ಮೇಲಿದ್ದ ಹೆಡ್‌ಫೋನನ್ನು ಕೊರಳಿಗಿಳಿಸಿ, ಆಮೇಲೆ ಕೊರಳಿಂದಲೂ ತೆಗೆದು ಮೇಜಿನ ಮೇಲಿಟ್ಟರು.

“ಆ ಹೆಂಗಸಿಗೆ ಕಣ್ಣು ಕಾಣಲ್ವಾ? ಹೋದ ವರ್ಷ ನನ್ನ ಪಕ್ಕ ನಿಂತು ‘ಸೀರೆ ಸೆರಗು ಒದ್ದೆ ಆಗ್ತಿದೆ ನೋಡಮ್ಮ’ ಅಂದ್ರಲ್ಲ.”

“ನೀರು ತೊಟ್ಟಿಕ್ಕೋ ಸದ್ದು ಕೇಳಿರ್ತಾಳೆ.”

ಅವರು ಹಣೆ ಒತ್ತಿಕೊಂಡರು. “ಹಂಗಾಮಿನ ಮೊದಲ ದಿನವೇ ಇದನ್ನ ಮೇಲಿನವರ ಮುಂದೆ ಇಡಬೇಕು ನಾನು. ದೋಣಿಯವರ ಕಡೆಯವರು ಒಂದು ತಪ್ಪು ಸಿಕ್ಕಿದ್ರೆ ಸಾಕು ಅಂತ ಕಾಯ್ತಿದ್ದಾರೆ. ನೀನು ಯಾರಿಗೂ ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.”

“ಮಾತು ಕೊಟ್ಟಿದೀನಿ ಮೇಡಂ.”

“ಕುರ್ಚಿ ಎಳ್ಕೋ.”

ಅಜ್ಜಿಗೆ ಕಣ್ಣಿದ್ದ ಕಾಲದ ಸಾಲುಗಳ ಗೊಡವೆ ಇರಲಿಲ್ಲ. ಮೈಕು ನೀರಿಗಿಳಿದ ಏಳು ಹಂಗಾಮುಗಳಲ್ಲಿ ಒಟ್ಟು ನೂರ ನಲವತ್ಮೂರು ಸಾಲು. ನಾನು ದಿನಾಂಕ, ಹೊತ್ತು ಓದುವುದು, ಅವರು ಆ ಹೊತ್ತಿನ ಧ್ವನಿಮುದ್ರಣ ಹಾಕುವುದು. ಮೊದಲ ಸಾಲು: ಬೆಳಗ್ಗೆ ಎಂಟು ಇಪ್ಪತ್ತು, ಗರಗಸದ ಮನೆ, ಐದು ತಲೆ. ಹೆಡ್‌ಫೋನಿನಲ್ಲಿ ನೀರಿನ ಗೊರಗೊರ, ಅಷ್ಟೇ. ಎರಡನೆಯದು: ನೀರು. ಮೂರನೆಯದು: ನೀರು, ದೂರದ ಯಾವುದೋ ಹಡಗು. ಹತ್ತನೆಯ ಸಾಲೂ ಹಾಗೇ. ಹತ್ತಕ್ಕೆ ಹತ್ತೂ ಸುಳ್ಳು. ಕೆಲವು ಸಾಲು ಅಂದಿದ್ದಳು, ಎಲ್ಲವೂ ಅನ್ನುವ ಧೈರ್ಯ ಬಂದಿರಲಿಕ್ಕಿಲ್ಲ.

ಮೈಕ್ ಮೇಡಂ ಎದ್ದು ನೀರು ತಂದುಕೊಟ್ಟರು. ಏಳುವಾಗ ಅವರ ಕೈ ತಗುಲಿ ಧ್ವನಿ ಹತ್ತು ಹನ್ನೆರಡು ನಿಮಿಷ ಹಿಂದಕ್ಕೆ ಜಾರಿ ಓಡುತ್ತಲೇ ಇತ್ತು. ನಾನು ಲೋಟ ಕೆಳಗಿಡುವಾಗ ಕಿವಿಯಲ್ಲಿ ಏನೋ ಕಿರ್ರೆಂದಿತು. ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ, ಮೇಲೊಂದು ಬೆಕ್ಕು ಕೂಗಿದ ಹಾಗೆ. ಮೈಕ್ ಮೇಡಂ ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತುಕೊಂಡು ತಾವೇ ಹಾಕಿಕೊಂಡರು.

“ಬಾಗುರೆಕ್ಕೆಯ ಮನೆ,” ಎಂದರು. “ಪುಸ್ತಕದಲ್ಲಿ?”

“ಬಾಗುರೆಕ್ಕೆಯ ಮನೆ. ಆದರೆ ಹೊತ್ತು…”

“ಎಷ್ಟು ವ್ಯತ್ಯಾಸ?”

ಹನ್ನೊಂದು ನಿಮಿಷ. ಹಿಂದಿನ ಸಾಲಿಗೂ ಹನ್ನೊಂದು. ಅದರ ಹಿಂದಿನದಕ್ಕೂ. ಗೂಡಿನ ಗಡಿಯಾರ ಹನ್ನೊಂದು ನಿಮಿಷ ಮುಂದಿತ್ತು. ಅಂದು ಸಂಜೆ ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ.

“ಮುಂದಿಟ್ಟಿದ್ದು ನಾನೇ,” ಎಂದಳು. “ನೀನು ಎಂದಾದ್ರೂ ಹೊತ್ತಿಗೆ ಸರಿಯಾಗಿ ಬಂದಿದ್ದುಂಟಾ? ದಾರೀಲಿ ಒಂದು ಏಡಿ ಸಿಕ್ಕಿದ್ರೆ ಅದರ ಮನೆತನ ವಿಚಾರಿಸ್ಕೊಂಡು ಬರೋಳು.”

ಎರಡನೇ ದಿನ ಮುಗಿಯುವಾಗ ನೂರ ಮೂವತ್ತಾರು ಸಾಲು ಕೂಡಿಬಂದಿದ್ದವು. ಮನೆತನವೂ ಸರಿ, ಹೊತ್ತೂ ಸರಿ. ಮೈಕ್ ಮೇಡಂ ಪೆನ್ನು ಕೆಳಗಿಟ್ಟು, “ಕಣ್ಣಿರೋ ನನ್ನ ಹುಡುಗರು ನೂರಕ್ಕೆ ಎಂಬತ್ತು ಸರಿ ಹೇಳಿದ್ರೆ ಕೈ ಮುಗೀತೀನಿ,” ಎಂದರು. “ಉಳಿದವು ಎಷ್ಟು?”

“ಏಳು.”

ಏಳನ್ನೂ ಒಂದು ಚೀಟಿಯಲ್ಲಿ ಒಂದರ ಕೆಳಗೊಂದು ಬರೆದೆ. ಬರೆಯುತ್ತ ಬರೆಯುತ್ತ ಕೈ ನಿಧಾನವಾಯಿತು. ವರ್ಷಕ್ಕೊಂದರಂತೆ ಏಳು. ಏಳೂ ಹಂಗಾಮಿನ ಕೊನೆಯ ದಿನ. ಏಳರಲ್ಲೂ ಅವೇ ಮಾತು: ‘ಸೀಟಿ. ಒಂಟಿ. ಉತ್ತರಕ್ಕೆ.’

ಸೀಟಿ, ಕತೆಯ ಗೆಳತಿ. ಉಸಿರು ಬಿಟ್ಟರೆ ಸೀಟಿ ಹೊಡೆಯುವವಳು. ಹನ್ನೆರಡರ ವಯಸ್ಸಿನಿಂದ ನಾನು ದಿನಾ ಗೂಡಿಗೆ ಕಾಲಿಡುತ್ತಲೇ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಸೀಟಿ ಬಂದಳಾ?’ ಈಚಿನ ವರ್ಷಗಳಲ್ಲಿ ಅವಳು ಕೊನೆಯ ದಿನವೇ, ಒಬ್ಬಳೇ ಬರುತ್ತಿದ್ದಳು. ನಮಗೆ ಹೋಗಿಬರುತ್ತೇನೆಂದು ಹೇಳಲು ಹಿಂದುಳಿಯುತ್ತಾಳೆ ಎಂದು ನಾನೇ ಕತೆಗೆ ಬಾಲ ಕಟ್ಟಿದ್ದೆ.

“ಇರಲಾರದು ಮೇಡಂ. ಇದನ್ನ ನಾನೇ ಕೇಳಿದೀನಿ. ಬೆನ್ನ ಹಿಂದೆ, ಕಿಟಕಿಯಾಚೆ, ನನ್ನ ಈ ಕಿವಿಯಲ್ಲೇ. ಸೀಟಿ ಕೇಳಿಸಿತು, ಆಮೇಲೆ ಅಜ್ಜಿ ಹೇಳಿದಳು, ಆಮೇಲೆ ನಾನು ಬರೆದೆ.”

ಮೈಕ್ ಮೇಡಂ ಏಳು ದಿನಗಳ ಧ್ವನಿಯನ್ನೂ ಎರಡೆರಡು ಸಲ ಹಾಕಿದರು, ಹಿಂದೆ ಒಂದು ಗಂಟೆ, ಮುಂದೆ ಒಂದು ಗಂಟೆ. ನೀರು. ಬರೀ ನೀರು. ಕಚೇರಿಯಲ್ಲಿ ಒಂದೊಂದು ಕರಿಬಿಳಿಗೂ ಒಂದೊಂದು ಕಾರ್ಡು. ನಿಯಮದ ಪ್ರಕಾರ ಮೂರು ಹಂಗಾಮು ಕಾಣದಿದ್ದವರ ಕಾರ್ಡು ‘ಹೋದವರು’ ಎಂದು ಬರೆದ ಪೆಟ್ಟಿಗೆಗೆ ಹೋಗಬೇಕು. ಸೀಟಿಯ ಕಾರ್ಡು ನಮ್ಮ ಏಳು ಸಾಲುಗಳ ಬಲದಿಂದ ‘ಇರುವವರು’ ಪೆಟ್ಟಿಗೆಯಲ್ಲೇ ಕೂತಿತ್ತು.

ಹಂಗಾಮಿನ ಮೊದಲ ದಿನ ಬೆಳಗ್ಗೆ ಅಜ್ಜಿಯ ಕೈ ಹಿಡಿದು ಬಂಡೆ ಹತ್ತಿದೆ. ಈ ಸಲ ಯಾರು ಯಾರನ್ನು ಹಿಡಿದಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು. ಗೂಡಿನ ಕೆಳಗೆ ದಾರಿಯಲ್ಲಿ ಮೈಕ್ ಮೇಡಂ ಜೀಪು ನಿಲ್ಲಿಸಿಕೊಂಡು ಪುಸ್ತಕಕ್ಕಾಗಿ ಕಾಯುತ್ತಿದ್ದರು. ನಾನು ಮೇಜಿನ ಮುಂದೆ ಕೂತು ಪುಸ್ತಕ ಬಿಚ್ಚಿದೆ. ಕೆಂಪು ಪೆನ್ನಿನ ಮುಚ್ಚಳ ತೆಗೆಯಲಾಗಲಿಲ್ಲ.

“ಸಿಕ್ಕಿದವಾ?” ಎಂದಳು ಅಜ್ಜಿ, ಕಿಟಕಿಯ ಸ್ಟೂಲಿನಿಂದ.

“ಏಳು. ಎಲ್ಲಾ ಸೀಟಿಯವು.”

“ಹ್ಞಾಂ.” ಲೆಕ್ಕ ಸರಿಬಂದ ಟೀಚರಿನ ಹಾಗೆ ತಲೆಯಾಡಿಸಿದಳು.

“ನಾನು ಕೇಳಿದ್ನಲ್ಲ ಅಜ್ಜಿ. ಅವಳ ಉಸಿರನ್ನ ನಾನೇ ಕೇಳಿದ್ನಲ್ಲ.”

ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೆಳತುಟಿಯನ್ನು ಮುಂದಿನ ಎರಡು ಹಲ್ಲುಗಳ ಸಂದಿಗೆ ಒತ್ತಿಕೊಂಡಳು. ಎದೆ ತುಂಬ ಗಾಳಿ ಎಳೆದು ಬಿಟ್ಟಳು.

ಹೂಊಶ್. ಅದರ ತುದಿಯಲ್ಲಿ ಸಣ್ಣಗೆ, ಉದ್ದಕ್ಕೆ, ಒಂದು ಸೀಟಿ.

ಅದೇ. ಏಳು ವರ್ಷ ನಾನು ತಲೆ ತಗ್ಗಿಸಿ ಕೇಳಿದ್ದು, ಕೇಳಿ ಹನಿಗಣ್ಣಾದದ್ದು, ಸ್ವಪ್ನದಲ್ಲೂ ಕೇಳಿಸುತ್ತಿದ್ದದ್ದು ಅದೇ. ನನ್ನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ, ಸ್ಟೂಲಿನ ಮೇಲೆ ಕೂತು. ಒಂದು ಸಲ, ಒಂದೇ ಒಂದು ಸಲ ಕತ್ತು ಹೊರಳಿಸಿದ್ದರೆ ಸಾಕಿತ್ತು.

“ಯಾಕೆ?” ಎಂದೆ.

“ಅವಳು ಬರದೆ ಇದ್ದ ಮೊದಲ ವರ್ಷ, ನೆನಪಿದೆಯಾ? ನಿನಗೆ ಹದಿನಾರು. ಕೊನೇ ವಾರ ನೀನು ಊಟ ಬಿಟ್ಟಿದ್ದೆ. ಕೇಳಿದ್ರೆ, ‘ಅವಳು ಬರಲಿಲ್ಲ ಅಂದ್ರೆ ನೀನು ಸಾಯ್ತೀಯ ಅಜ್ಜಿ’ ಅಂದೆ. ನಾನು ಹೇಳಿದ ಕತೆ ನನ್ನ ಕೊರಳಿಗೇ ಸುತ್ಕೊಂಡಿತು. ಒಂದು ಸಲ ಅಂತ ಹೊಡೆದೆ ಸೀಟಿ. ಮಾರನೇ ವರ್ಷ ನೀನು ಮತ್ತೆ ಕೇಳಿದೆ.”

“ಹಾಗಾದ್ರೆ ಅವಳು…”

“ಎಂಟು ವರ್ಷದ ಕೆಳಗೆ ಉತ್ತರಕ್ಕೆ ಹೋದಳು. ಅದು ನಿಜವಾದ ಸಾಲು, ನಾನು ಕಣ್ಣಾರೆ ನೋಡಿದ್ದು. ಆ ಸಾಲು ಮುಟ್ಟಬೇಡ.” ನನ್ನ ಕಡೆ ಮುಖ ತಿರುಗಿಸಿ ಅಂದಳು, “ಅವಳು ಹೋಗಿ ಎಂಟು ವರ್ಷ ಆಯ್ತು, ನಾನು ಇನ್ನೂ ನಿನ್ನ ತಲೆ ತಿನ್ತಾ ಕೂತಿದೀನಿ. ಕತೆಗೆ ಏನು ಗೊತ್ತು? ಹೊಡಿ ಗೆರೆ.”

ಮುಚ್ಚಳ ತೆಗೆದೆ. ಮೊದಲ ಗೆರೆ ಸೊಟ್ಟಗೆ ಹೋಯಿತು. ಅಡ್ಡ ಗೆರೆ, ಪಕ್ಕದಲ್ಲಿ ‘ಕಂಡದ್ದಲ್ಲ’, ಕೆಳಗೆ ಸಹಿ. ಹದಿನಾರರ ನನ್ನ ಗುಂಡಗಿನ ಸಹಿಯ ಪಕ್ಕದಲ್ಲಿ ಇಪ್ಪತ್ಮೂರರ ಸಹಿ. ಪುಟ ತಿರುವಿದೆ. ಒಂದೊಂದು ಗೆರೆಗೂ ಕೈ ತಡೆದು, ಬೆನ್ನ ಹಿಂದಿನ ಉಸಿರು ಕೇಳುತ್ತದೆಯೇ ಎಂದು ಕಿವಿಗೊಟ್ಟೆ. ಕೇಳುತ್ತಿತ್ತು. ವಯಸ್ಸಾದ, ಸ್ವಲ್ಪ ಏದುವ, ಹಲ್ಲಿನ ಸಂದಿಯಲ್ಲಿ ಸಿಕ್ಕಿ ಹೊರಬರುವ ಉಸಿರು.

“ಎಷ್ಟಾಯ್ತು?”

“ಆರು.”

“ಇನ್ನೊಂದು ತಾನೇ? ಪೆನ್ನು ಕಚ್ಚಬೇಡ, ನಂಗೆ ಕೇಳುತ್ತೆ.”

ನಾನು ಪುಸ್ತಕವನ್ನೆತ್ತಿಕೊಂಡು ಎದ್ದೆ. ಗೋಡೆಗೆ ಮುಖಮಾಡಿದ್ದ ಮೇಜನ್ನು ಬಿಟ್ಟು ಕಿಟಕಿಗೆ ಬಂದು, ಅಜ್ಜಿಯ ಪಕ್ಕ ಸ್ಟೂಲಿನ ಅಂಚಿನಲ್ಲಿ ಕೂತು, ಪುಸ್ತಕವನ್ನು ನಮ್ಮಿಬ್ಬರ ಮೊಣಕಾಲಿನ ಮೇಲೆ ಬಿಚ್ಚಿಟ್ಟೆ. ಮುಂದೆ ಕಡಲು ಬಿಚ್ಚಿಕೊಂಡಿತ್ತು, ಹನ್ನೊಂದು ವರ್ಷದಲ್ಲಿ ಈ ಕಿಟಕಿಯಿಂದ ನಾನು ಕದ್ದಲ್ಲದೆ ನೇರ ನೋಡದ ಕಡಲು. ಖಾಲಿ, ಬೂದು, ನನ್ನ ಮನಸ್ಸಿನಲ್ಲಿದ್ದದ್ದಕ್ಕಿಂತ ಚಿಕ್ಕದು. ಅಜ್ಜಿಯ ಬೆರಳನ್ನು ಹಿಡಿದು ಏಳನೆಯ ಸಾಲಿನ ಮೊದಲಿಗಿಟ್ಟೆ. ಆ ಬೆರಳ ಹಿಂದೆಯೇ ಪೆನ್ನನ್ನು ನಡೆಸಿಕೊಂಡು ಹೋದೆ. ಸೀಟಿ. ಒಂಟಿ. ಉತ್ತರಕ್ಕೆ.

ಗೆರೆ ಸಾಲಿನ ಕೊನೆ ಮುಟ್ಟಿತು. ‘ಕಂಡದ್ದಲ್ಲ’ ಎಂದು ಬರೆದು ಸಹಿ ಹಾಕಿದೆ.